ಬಾವಿ ನೋಡುವ ಶಾಸ್ತ್ರ

ನಮ್ಮ ದೊಡ್ಡವ್ವ ಗಂಡು ನೋಡಲು ಹೋದರೆ ಗಂಡನ್ನು ನೋಡುತ್ತಲೇ ಇರಲಿಲ್ಲ! ಎಪ್ಪತ್ತರ ದಶಕದಲ್ಲಿ ಕುಷ್ಟಗಿಯಿಂದ ಯಲಬುರ್ಗಾದವರೆಗೆ ಗಂಡು ಹೆತ್ತವರೆಲ್ಲ ಬಲ್ಲ ಸಂಗತಿ ಇದು. ಹೊಸ್ತಿಲಲ್ಲಿ ನಿಂತೇ ಆಕೆಯ ಮೊದಲ ಪ್ರಶ್ನೆ: "ಬಾವಿ ಎಲ್ಲೈತ್ರಿ?"

ಅದೂ ಕಡುಬೇಸಿಗೆಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಎಲ್ಲರ ಬಾವಿಯೂ ಸುಳ್ಳು ಹೇಳುತ್ತದಂತೆ! ಗಂಟು ಹಾಕಿದ ಹಗ್ಗ ಇಳಿಬಿಟ್ಟು ನೀರು ಅಳೆಯುವಳು. ಆಮೇಲೆ ಇಪ್ಪತ್ತು ಕೊಡ ಸೇದಿಸಿ, ನೀರು ಮತ್ತೆ ಮೊದಲಿನ ಗಂಟಿಗೆ ಏರುವವರೆಗೆ ಕಟ್ಟೆಯ ಮೇಲೆ ಕೂತುಬಿಡುವಳು. ಒಳಗೆ ಉಪ್ಪಿಟ್ಟು ತಣ್ಣಗಾಗುತ್ತಿತ್ತು.

"ಅಕ್ಕಾರ, ಹುಡುಗ ಕಾಯಾಕತ್ಯಾನ್ರಿ."

"ಕಾಯಲಿ ಬಿಡ್ರಿ. ಸೆಲಿ ನೀರು ಇನ್ನೂ ಏರಿ ಬಂದಿಲ್ಲ!"

ನನಗೆ ಕಾರಟಗಿ ಕಡೆಯ ಗದ್ದೆ ಸಾಹುಕಾರರ ಸಂಬಂಧ ಬಂದಾಗ ಅಪ್ಪ ಹಿಗ್ಗಿದ್ದೇ ಹಿಗ್ಗಿದ್ದು. ದೊಡ್ಡವ್ವ ಎದ್ದೇಳಲೂ ಇಲ್ಲ. "ಅದು ಕಾಲುವಿ ನೀರು. ಗೇಟ್ ಹಾಕಿದ್ರ ಮುಗೀತು!"

ಆಮೇಲೆ ಕುಷ್ಟಗಿ ಕಡೆಯ ಮಾಸ್ತರೊಬ್ಬರು ಬಂದು ನನ್ನನ್ನು ಒಪ್ಪಿದರು. ನನಗೂ ಮನಸ್ಸಾಗಿತ್ತು. ಆದರೆ ಅವರ ಬಾವಿಯ ನೀರು ಸಂಜೆಯಾದರೂ ಏರಲಿಲ್ಲ. "ಬ್ಯಾಡ" ಅಂದಳು ದೊಡ್ಡವ್ವ. ನಾನು ಸುಮ್ಮನಿರುವವಳೇ?

"ನಾ ಬಾವಿ ಕೂಡ ಸಂಸಾರ ಮಾಡಂಗಿಲ್ಲ ದೊಡ್ಡವ್ವಾ, ಮಾಸ್ತರ ಕೂಡ ಮಾಡ್ತೀನಿ!"

"ಮಾಡು. ದಿನಾ ಕೊಡ ಹೊತ್ತು ಸಾಯಿ!"

ಮೂರು ದಿನ ಇದೇ ಜಗಳ. ನಾಲ್ಕನೆಯ ದಿನ ಆಕೆಯೇ ಇಲ್ಲ! ಎಲ್ಲಿದ್ದಳೆಂದುಕೊಂಡಿರಿ? ಮಾಸ್ತರರ ಹೊಲದಲ್ಲಿ! ಬಾವಿಯ ಮೇಲ್ಗಡೆಯ ಹಳ್ಳಕ್ಕೆ ಅಡ್ಡಲಾಗಿ, ಕಚ್ಚೆ ಬಿಗಿದು ಕಲ್ಲು ಪೇರಿಸುತ್ತಿದ್ದಳು. ನಿಶ್ಚಯವೇ ಆಗಿರಲಿಲ್ಲ. ಬೀಗರಾಗಬೇಕಾದವರು ಕಂಗಾಲು.

"ಇದೇನ್ ಮಾಡಾಕತ್ತೀರಿ ಅಕ್ಕಾರ?"

"ಓಡೋ ನೀರು ಕುಂದರಸಾಕತ್ತೀನಿ. ಕುಂತ್ರ ಇಂಗತೈತಿ, ಇಂಗಿದ್ರ ಬಾವಿಗೆ ಬರತೈತಿ. ಇಷ್ಟು ವರ್ಷ ಏನ್ ನೋಡ್ಕೋತ ಕುಂತಿದ್ರಿ?"

ಮುಂಗಾರಿನ ಮೊದಲ ಮಳೆ ಅರ್ಧ ಒಡ್ಡನ್ನು ಕೊಚ್ಚಿಕೊಂಡು ಹೋಯಿತು. ಆಕೆ ಹಳ್ಳಕ್ಕೇ ಬೈದು ಮತ್ತೆ ಕಟ್ಟಿದಳು. ಈ ಸಲ ಕಲ್ಲು ಹೊತ್ತವರು ಸಾಕ್ಷಾತ್ ಮದುಮಗ! ಶ್ರಾವಣದಲ್ಲಿ ನಮ್ಮ ಮದುವೆಯಾಯಿತು.

ಮರುವರ್ಷದ ಬೇಸಿಗೆಯಲ್ಲಿ ದೊಡ್ಡವ್ವ ಬಂದಳು. ಆಕೆಯ ಎದುರಿಗೇ ಕೊಡದ ಮೇಲೆ ಕೊಡ ಸೇದಿದೆ. ಬಾವಿ ಬತ್ತಲಿಲ್ಲ. "ಈಗೇನಂತಿ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಆಕೆ ಜಗಳಕ್ಕೆ ಬರಲಿಲ್ಲ. ಏಳು ತಿಂಗಳು ತುಂಬಿದ್ದ ನನ್ನ ಹೊಟ್ಟೆಯನ್ನು ಮೆಲ್ಲಗೆ ಸವರಿದಳು.

"ನನಗೂ ಏಳು ತಿಂಗಳು ತುಂಬಿತ್ತು, ಮಗಳ. ಎರಡು ಮೈಲಿಯಿಂದ ನೀರು ತರಾಕತ್ತಿದ್ದೆ. ದಾರ್ಯಾಗ ಬಿದ್ದೆ."

ದೊಡ್ಡವ್ವನಿಗೆ ಮಕ್ಕಳಿಲ್ಲ ಎಂದಷ್ಟೇ ನಮಗೆಲ್ಲ ಗೊತ್ತಿತ್ತು. ಯಾಕೆಂದು ನಾವು ಯಾರೂ ಕೇಳಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಆಕೆ ಅಳಲಿಲ್ಲ. ನನ್ನ ಕೈಯಿಂದ ಕೊಡ ಕಸಿದುಕೊಂಡಳು. "ನೆರಳಿಗೆ ಹೋಗಿ ಕುಂದರು. ಹಡಿಯೂತನಕ ನಾ ಸೇದತೀನಿ."