ಪಡಸಾಲೆಯ ಗಣಿ

ಕಾರ್ಪೆಟ್ಟಿಗೆ ಶಾಂಪೂ ಹಾಕುವುದು ಗಣಿಗಾರಿಕೆ ಎನಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ೨೦೦೬ರ ಬೇಸಿಗೆಯವರೆಗೆ ಹೊಸಪೇಟೆಯಲ್ಲಿ ಯಾರಿಗೂ ಉದ್ಭವಿಸಿರಲಿಲ್ಲ. ಉದ್ಭವಿಸಿದ್ದು ಅಕ್ಕಿ ಗಿರಣಿ ಚನ್ನಯ್ಯನ ಹೆಂಡತಿ ನೀಲಗಂಗಮ್ಮನ ಪಡಸಾಲೆಯಲ್ಲಿ.

ಅವರ ಮನೆ ಅದಿರು ಲಾರಿಗಳು ಓಡಾಡುವ ರಸ್ತೆಗೇ ಮುಖ ಮಾಡಿತ್ತು. ಊರಿನ ದೊಡ್ಡ ಮನೆಗಳಿಗೆಲ್ಲ ಕಾರ್ಪೆಟ್ಟು ಬಂದ ಕಾಲಕ್ಕೆ ಇವರ ಮನೆಗೂ ಬಂತು. ಬರುವಾಗ ಹಸಿರಾಗಿತ್ತು, ಅದಿರಿನ ಧೂಳು ಕೂತು ಯುಗಾದಿ ಹೊತ್ತಿಗೆ ಕೆಂಪಾಯಿತು. ಮಗಳು ಶೈಲಶ್ರೀಯನ್ನು ನೋಡಲು ಕೊಪ್ಪಳದಿಂದ ಬಂದವರು ಅದರ ಮೇಲೆ ಕೂತು, ಉಪ್ಪಿಟ್ಟು ತಿಂದು ಎದ್ದಾಗ ಅಷ್ಟೂ ಜನರ ಬಿಳಿ ಪಂಚೆಯ ಹಿಂಭಾಗ ಕೆಂಪು ಮಂಗನದರಂತಾಗಿತ್ತು. ಹಂಪಿಯಲ್ಲಿ ಮಂಗಗಳನ್ನು ನೋಡಿಕೊಂಡೇ ಬಂದಿದ್ದ ಅವರಿಗೆ ಹೋಲಿಕೆ ಬೇಗ ಹೊಳೆಯಿತು. ಸಂಬಂಧ ಮುರಿಯಿತು.

ಈಗ ಭಾನುವಾರ ಸಂಡೂರಿನ ಕೊಟ್ರಯ್ಯನವರು ಮಗನನ್ನು ಕರೆದುಕೊಂಡು ಬರುವವರಿದ್ದರು. ಇದೂ ತಪ್ಪಿದರೆ ಮಗಳನ್ನು ಈ ಕಾರ್ಪೆಟ್ಟಿಗೇ ಧಾರೆ ಎರೆಯಬೇಕೆಂದು ಗಂಡನಿಗೆ ತಿಳಿಸಿ, ನೀಲಗಂಗಮ್ಮ ಶುಕ್ರವಾರ ಶಾಂಪೂ ಮಷೀನಿನ ಹುಲಿಗೇಶನನ್ನು ಕರೆಸಿದಳು.

ಹುಲಿಗೇಶ ಮೊದಲು ಅದಿರು ಲಾರಿ ತೊಳೆಯುತ್ತಿದ್ದವನು. ಅಲ್ಲಿ ತೊಳೆದ ನೀರನ್ನು ಯಾರೂ ಚೆಲ್ಲುತ್ತಿರಲಿಲ್ಲ. ಡ್ರಮ್ಮಿನಲ್ಲಿ ನಿಲ್ಲಿಸಿ, ತಳದ ಕೆಸರು ಒಣಗಿಸಿ, ಅದಿರೆಂದೇ ಮಾರುತ್ತಿದ್ದರು. ಆ ರೂಢಿ ಅವನನ್ನು ಇಲ್ಲಿಯೂ ಬಿಡಲಿಲ್ಲ, ಕಾರ್ಪೆಟ್ಟು ತೊಳೆದ ನೀರನ್ನೂ ಡ್ರಮ್ಮಿಗೆ ಹಿಡಿದಿಟ್ಟ.

"ಅಕ್ಕಾರ, ಇದು ಕಾರ್ಪೆಟ್ಟೋ ಗುಡ್ಡಾನೋ? ತೊಳದಂಗ ತೊಳದಂಗ ಕೆಂಪು ಬರ್ತೈತಲ್ರಿ!"

"ಇನ್ನೊಂದು ಬಾಟ್ಲಿ ಹಾಕೋ. ಬಾಯಾಗಿನ ನೊರಿ ಕಮ್ಮಿ ಮಾಡು."

ಶಾಂಪೂ ಕುಡಿದ ಕಾರ್ಪೆಟ್ಟು ಜಲ್ದಿ ಒಣಗುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಶನಿವಾರ ಅದು ತೊಯ್ದ ಎಮ್ಮೆಯಂತೆ ನಾರಿತು. ಅಂಚು ಕುಗ್ಗಿ ನಡುವೆ ಹೊಟ್ಟೆ ಎದ್ದಿತು. ಗಾಳಿಯಾಡಲೆಂದು ಬಾಗಿಲು ತೆಗೆದರೆ, ಒಳಗುಳಿದ ಶಾಂಪೂ ಅಂಟಾಗಿ ಲಾರಿಗಳ ಧೂಳನ್ನೆಲ್ಲ ಅಪ್ಪಿಕೊಂಡಿತು. ಯುಗಾದಿಯ ತನಕ ತಡೆದುಕೊಂಡಿದ್ದ ಕೆಂಪು ಈ ಸಲ ಮಧ್ಯಾಹ್ನದ ಊಟಕ್ಕೇ ಬಂತು.

ಹುಲಿಗೇಶ ಮಾಳಿಗೆಯ ಮೇಲೆ ಒಣಗಹಾಕಿದ ಕೆಂಪು ಗುಡ್ಡೆ ರಸ್ತೆಗೆ ಚೆನ್ನಾಗಿ ಕಾಣುತ್ತಿತ್ತು. ಆದ್ದರಿಂದ ಭಾನುವಾರ ಬೀಗರಿಗಿಂತ ಮುಂಚೆ ಗೃಹಾಂತರ್ಗತ ಖನಿಜ ವಿಭಾಗದ ನಿರೀಕ್ಷಕರಾದ ವಿರುಪಾಕ್ಷಪ್ಪನವರು ದಯಮಾಡಿಸಿದರು. ಸುತ್ತಲ ಗುಡ್ಡಗಳು ಹಾಡಹಗಲೇ ಕರಗುತ್ತಿದ್ದುದು ಅವರ ಗಮನಕ್ಕೆ ಬಂದಿರಲಿಲ್ಲ. ಗುಡ್ಡಗಳು ಮನೆಯೊಳಗೆ ಇಲ್ಲದ್ದರಿಂದ ಅವರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅವರು ನಿಂತುಕೊಂಡೇ ನಿಯಮ ಓದಿದರು:

"ವಾಸದ ಮನೆಯ ರತ್ನಗಂಬಳಿಯಿಂದ ನೀರು, ನೊರೆ ಅಥವಾ ತತ್ಸಮಾನ ದ್ರವದ ಮೂಲಕ ಅದಿರನ್ನು ಬೇರ್ಪಡಿಸುವುದು ಗಣಿಗಾರಿಕೆಯೇ ಆಗತಕ್ಕದ್ದು. ಕೋಲಿನಿಂದ ಬಡಿದು ಕೊಡವುವುದನ್ನು ಸ್ಫೋಟಕ ಬಳಕೆಯ ಅಡಿಯಲ್ಲಿ ಪ್ರತ್ಯೇಕವಾಗಿ ಪರಿಗಣಿಸತಕ್ಕದ್ದು."

"ಈ ಹಾಳಾದ್ದನ್ನ ಸುತ್ತಿ ಹಿತ್ತಲಕ್ಕ ಒಗದುಬಿಡ್ತೀವ್ರಿ," ಎಂದ ಚನ್ನಯ್ಯ.

"ಸುತ್ತಿದ್ರ ಅಕ್ರಮ ಸಾಗಾಣಿಕೆ ಆಗ್ತೈತಿ."

ನೀಲಗಂಗಮ್ಮ ಸೆರಗು ಬಾಯಿಗೊತ್ತಿಕೊಂಡಳು. "ಸಾಹೇಬ್ರ, ಹುಡುಗಿ ನೋಡಾಕ ಬರ್ತಾರ್ರಿ ಇವತ್ತು. ಬೇಕಾರ ನಾಳಿಂದ ಗಣಿ ಮಾಡ್ರಿ."

"ಗಣಿಯೊಳಗ ಹುಡುಗಿ ನೋಡಬಾರದು ಅಂತ ನಿಯಮದಾಗ ಎಲ್ಲೂ ಇಲ್ಲ ತಾಯಿ. ನೋಡ್ಲಿ. ಹೆಲ್ಮೆಟ್ ಹಾಕ್ಕೊಂಡು ನೋಡ್ಲಿ."

ಟಿ.ವಿ. ಪಕ್ಕ ಒಂದು, ದೇವರಕೋಣೆ ಹೊಸ್ತಿಲಲ್ಲಿ ಒಂದು ಗಡಿಕಲ್ಲು ಕೂತವು. ಕೊಟ್ರಯ್ಯನವರು ಮಗ ಬಸವಕುಮಾರನೊಂದಿಗೆ ಬಂದು, ಕೊಟ್ಟ ಹೆಲ್ಮೆಟ್ ಹಾಕಿಕೊಂಡು, ಕಲ್ಲನ್ನೂ ನಿರೀಕ್ಷಕರನ್ನೂ ನೋಡಿದರು. ಅಡುಗೆಮನೆ ಬಾಗಿಲ ಹಿಂದೆ ನೀಲಗಂಗಮ್ಮ ಕಿವಿಗೊಟ್ಟು ನಿಂತಳು. ಇನ್ನೇನು ಇವರೂ ಎದ್ದು ಹೋಗುತ್ತಾರೆಂದುಕೊಂಡಳು.

"ಏನ್ರಿ ಇದು ಕಲ್ಲು?"

"ಗಣಿ ಗಡಿ," ಎಂದರು ವಿರುಪಾಕ್ಷಪ್ಪ.

"ಮನಿಯೊಳಗೇ?" ಕೊಟ್ರಯ್ಯನವರ ದನಿ ಇಳಿಯಿತು. "ಯಾರ ಹೆಸರಿಗೆ ಐತ್ರಿ?"

"ಸದ್ಯಕ್ಕ ಈ ಮನಿ ತಾಯಿ ಹೆಸರಿಗೆ. ಮುಂದ ಮಗಳಿಗೆ."

"ಲೇ ಬಸವಾ, ಏನ್ ನೋಡ್ತಿ? ಅತ್ತಿ ಕಾಲಿಗೆ ಬೀಳು!"

ಶೈಲಶ್ರೀ ಚಹಾದ ತಟ್ಟೆ ಹಿಡಿದು ಬರುವಷ್ಟರಲ್ಲಿ ನಿಶ್ಚಯ ಮುಗಿದು, ಬಾಳೆಹಣ್ಣು ಹಂಚುತ್ತಿದ್ದರು.

"ಯವ್ವಾ, ಅವರು ನನ್ನ ಮಾರಿನೇ ನೋಡ್ಲಿಲ್ಲ," ಎಂದಳು ಆಮೇಲೆ.

"ಕಾರ್ಪೆಟ್ ನೋಡ್ಯಾರಲ್ಲ, ಸುಮ್ನಿರು."

ಮುಂದಿನ ವಾರದಲ್ಲೇ ಹೆಣ್ಣು ಮಕ್ಕಳಿದ್ದ ಮನೆಗಳವರೆಲ್ಲ ಹುಲಿಗೇಶನ ಮನೆ ಮುಂದೆ ಪಾಳಿ ಹಚ್ಚಿದರು. ವಿರುಪಾಕ್ಷಪ್ಪನವರಿಗೆ ಜೀಪು ಮಂಜೂರಾಯಿತು. ಚನ್ನಯ್ಯನ ಮನೆಯವರು ಪಡಸಾಲೆಯ ಗಣಿ ತುಳಿಯದಂತೆ ಹಿತ್ತಲ ಬಾಗಿಲಿನಿಂದ ಓಡಾಡುವುದನ್ನು ಕಲಿತರು. ಮುಂಬಾಗಿಲನ್ನು ಮಾತ್ರ ಲಾರಿಗಳು ಸಾಲುಗಟ್ಟುವ ಹೊತ್ತಿಗೆ ನೀಲಗಂಗಮ್ಮ ತಾನೇ ಹೋಗಿ ಅಗಲಕ್ಕೆ ತೆಗೆದಿಡುತ್ತಾಳೆ, ಮದುವೆಯ ತನಕ ನಿಕ್ಷೇಪ ಕಮ್ಮಿಯಾಗಬಾರದು ನೋಡಿ.