ಬೋರಸ್ತೆ ಸಾಹೇಬರ ಒಂದು ಗ್ಲಾಸು

ಕೆಟ್ಟದ್ದೆಲ್ಲ ಬೋರಸ್ತೆ ಸಾಹೇಬರು ಫೋನಿಡುವ ಮುಂಚೆ ಸೇರಿಸಿದ ಒಂದೇ ಮಾತಿನಿಂದ. "ನಾಳೆ ಮಧ್ಯಾಹ್ನ ಬನ್ನಿ, ಒಂದು ಗ್ಲಾಸ್ ಹಿಡಿದುಕೊಂಡೇ ಮಾತಾಡೋಣ."

ಭಾಲ್ಕಿ ಕಡೆಯ ಶಿವಕಾಂತ ದೂರದ ಬಿಡಕಿನ್ ಊರಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಹೆಂಡತಿ ನೀಲಾಂಬಿಕಾ ನಾಸಿಕ್ ರೋಡಿನಲ್ಲಿ ಶಾಲೆಯ ಟೀಚರ್. ಮದುವೆಯಾದಾಗಿನಿಂದ ಅವರ ಸಂಸಾರ ಶನಿವಾರ ಸಂಜೆ ಬಸ್ಸಿಳಿದು ಭಾನುವಾರ ಸಂಜೆ ಬಸ್ಸು ಹತ್ತುತ್ತಿತ್ತು. ನಾಸಿಕ್ ಊರಾಚೆ ದ್ರಾಕ್ಷಿ ತೋಟದಲ್ಲಿ ವೈನ್ ಮಾಡುವ ಬೋರಸ್ತೆಯವರಿಗೆ ಉಗ್ರಾಣ ನೋಡುವವರು ಬೇಕಂತೆ ಎಂದು ಕೇಳಿದ್ದೇ ತಡ, ನೀಲಾಂಬಿಕಾ ಅಂಗಡಿಗೆ ಹೋಗಿ ಡಬಲ್ ಮಂಚದ ರೇಟು ವಿಚಾರಿಸಿ ಬಂದಿದ್ದಳು.

ಆದರೆ ಗ್ಲಾಸು? ಶಿವಕಾಂತ ಲಿಂಗ ಕಟ್ಟಿದವನು. ಅವನು ಬೆಳೆದ ಮನೆಯಲ್ಲಿ ಕೆಮ್ಮಿನ ಔಷಧಿಯನ್ನೂ ಬಾಟಲಿ ತಿರುವಿ ಓದಿಯೇ ಒಳಗೆ ಬಿಡುತ್ತಿದ್ದರು.

"ಅದಕ್ಯಾಕ ಅಂಜ್ತೀರಿ? ಕುಡಿಯೋದು ಬ್ಯಾರೆ, ಮಾತಾಡೋದು ಬ್ಯಾರೆ," ಎಂದರು ಎದುರು ಮನೆಯ ಮಹಾದೇವಪ್ಪ ಕಾಕಾ. ಹೋಟೆಲುಗಳಿಗೆ ಹಪ್ಪಳ ಹಾಕುವವರು. ಹಣೆಗೆ ಅಗಲವಾದ ವಿಭೂತಿ, ಬಾಯಲ್ಲಿ ಸದಾ ಏಲಕ್ಕಿ. ಕಟ್ಟಡದ ಯಾವ ಪೂಜೆಯಿದ್ದರೂ ಮುಂದಿನ ಸಾಲಿನಲ್ಲಿ ಅವರೇ. "ಹೋಟೆಲ್‌ದಾಗ ತಿರಗ್ತೀನ್ರಿ, ನಾಕು ಶಬ್ದ ಕಿವಿಗೆ ಬೀಳ್ತಾವ. ಮುಂಜಾನೆ ಕಲಿಸಿ ಕೊಡ್ತೀನಿ, ತಗೋರಿ."

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಪಾಠ ಶುರುವಾಯಿತು. ವೈನಿನ ಬದಲಿಗೆ ಸ್ಟೀಲ್ ಲೋಟದಲ್ಲಿ ಕರಿದ್ರಾಕ್ಷಿ ರಸ.

"ಡ್ರೈ ಅಂದ್ರ ಒಣಗಿದ್ದಲ್ಲ, ಸಿಹಿ ಇಲ್ಲದ್ದು. ಬಾಡಿ ಅಂದ್ರ, ನೀರಮಜ್ಜಿಗಿ ಬ್ಯಾರೆ, ಗಟ್ಟಿ ಮಜ್ಜಿಗಿ ಬ್ಯಾರೆ ಹೌದಲ್ರಿ? ಆ ಫರಕು. ನೇರಳೆಹಣ್ಣು ತಿಂದ್ರ ನಾಲಗಿ ಹಿಡಕೊಳ್ತದಲ್ಲ, ಅದು ಟ್ಯಾನಿನ್."

"ಮತ್ತ ಫಿನಿಶ್ ಅಂದ್ರ ಮುಗೀತಾ, ಕಾಕಾ?"

"ಮುಗಿಯೂದಲ್ರೀ, ಉಳಿಯೂದು! ಬಾಯಿ ಖಾಲಿ ಆದ ಮ್ಯಾಲೂ ರುಚಿ ಎಷ್ಟೊತ್ತು ಕುಂತಿರ್ತದ, ಅದು ಫಿನಿಶ್. ಈಗ ಲೋಟ ತಿರುವ್ರಿ, ಮೂಸ್ರಿ, ಬಾಯಾಗ ಆಡಸ್ರಿ. ಹಾಂ, ಉಗುಳ್ರಿ! ದೊಡ್ಡ ದೊಡ್ಡ ಪಂಡಿತರು ಉಗುಳೇ ಬಿಡ್ತಾರ."

ಶಿವಕಾಂತ ಪಂಡಿತನ ಹುಮ್ಮಸ್ಸಿನಲ್ಲಿ ಉಗುಳಿದ. ಅದು ತುಳಸಿ ಕುಂಡ ದಾಟಿ, ಕೆಳಗಿನ ಮನೆಯ ಪ್ರೇಮಾಬಾಯಿ ಗಾಳಿಗೆ ಹರವಿದ್ದ ಯೇವಲಾ ಪೈಠಣಿ ಸೀರೆಯ ಮೇಲೆ, ಸರಿಯಾಗಿ ಜರಿ ನವಿಲಿನ ಕಣ್ಣಿಗೆ ಬಿತ್ತು.

ಪ್ರೇಮಾಬಾಯಿ ಮೆಟ್ಟಿಲೇರಿ ಬರುವಷ್ಟರಲ್ಲಿ ಅರ್ಧ ಕಟ್ಟಡ ಹಿಂದೆ ಬಂದಿತ್ತು. "ನೀಲಾ! ನಿನ್ನ ಗಂಡ ಮುಂಜಮುಂಜಾನೆ ಕುಡುದು ಕೆಂಪಗ ಉಗುಳ್ಲಾಕತ್ತಾನಲ್ಲೇ ತಾಯಿ!"

"ಅದು ದ್ರಾಕ್ಷಿ ರಸ ಅದರಿ, ಬಾಯಿ."

"ಎಲ್ಲಾನೂ ದ್ರಾಕ್ಷಿ ರಸದಿಂದನೇ ಶುರು ಆಗ್ತದವ್ವ."

ಪಾಠ ಕಲಿಸಿದವರು ಅಷ್ಟರಲ್ಲಿ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದರು.

ಮಧ್ಯಾಹ್ನ ಮಹಾದೇವಪ್ಪನವರ ಸ್ಕೂಟರಿನಲ್ಲೇ ಶಿವಕಾಂತ, ಕಾಕಾ ಇಬ್ಬರೂ ಹೊರಟರು. ತೋಟದ ಗೇಟಿನಲ್ಲಿ ಕಾಕಾ ಕರವಸ್ತ್ರ ಚಾಚಿದರು. "ಹಣಿ ಒರಸ್ಕೋರಿ. ವಿಭೂತಿ ನೋಡಿದ್ರ ವೈನ್ ಮಾಡಾಂವ ಕೆಲಸ ಕೊಡ್ತಾನಾ?"

"ಮತ್ತ ನಿಮ್ದು?"

"ನನ್ನ ಯಾರು ಕೇಳ್ತಾರ?"

ಬೋರಸ್ತೆ ಸಾಹೇಬರು ಹಿಂದಿಗೆ ಮರಾಠಿ ಬೆರೆಸಿ ಮಾತಾಡುವ ದಪ್ಪ ಮನುಷ್ಯ. ಮೇಜಿನ ಮೇಲೆ ಕೆಂಪು ವೈನ್ ಇಟ್ಟು, "ಘ್ಯಾ, ತಗೊಳ್ಳಿ," ಎಂದರು.

ಶಿವಕಾಂತ ಗ್ಲಾಸನ್ನು ಮೊಸರು ಕಡೆಯುವ ರಭಸದಲ್ಲಿ ತಿರುವಿದ. ಅರ್ಧ ಅವನ ಅಂಗಿ ಕುಡಿಯಿತು. ಉಳಿದದ್ದನ್ನು ಮೂಸಿ, ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿ, ಬಾಯಲ್ಲಿ ಒಮ್ಮೆ ಆಡಿಸಿ ಪಕ್ಕದಲ್ಲಿಟ್ಟಿದ್ದ ಬಕೆಟ್ಟಿಗೆ ಉಗುಳಿದ. "ಡ್ರೈ. ಬಾಡಿ ಗಟ್ಟಿ. ಟ್ಯಾನಿನ್ ಜೋರು. ಫಿನಿಶ್ ಬಹಳ ಹೊತ್ತು."

ಸಾಹೇಬರ ಹುಬ್ಬು ಮೇಲೇರಿತು. ಮೆಚ್ಚಿದರು ಎಂದುಕೊಂಡ ಶಿವಕಾಂತ ಪಾಠದಲ್ಲಿಲ್ಲದ್ದನ್ನೂ ಸೇರಿಸಿದ. "ಇದರ ಜೊತೆಗೆ ಚೀಸ್‌ಗಿಂತ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಳ್ಳೆ ಜೋಡಿ, ಸಾಹೇಬ್."

"ಎಷ್ಟು ವರ್ಷದ ಅಭ್ಯಾಸ?"

"ಚಿಕ್ಕಂದಿನಿಂದಲೂ!" ಎಂದುಬಿಟ್ಟ.

ಸಾಹೇಬರು ಇನ್ನೊಂದು ಗ್ಲಾಸನ್ನು ಮಹಾದೇವಪ್ಪನವರ ಕಡೆ ಸರಿಸಿದರು. ಕಾಕಾ ಹಾವು ಕಂಡವರಂತೆ ಕಾಲು ಮೇಲೆತ್ತಿದರು. "ಶಿವ ಶಿವಾ! ನಮ್ಮಲ್ಲಿ ನಡೆಯೋದಿಲ್ಲ ಸಾಹೇಬ್."

ಬೋರಸ್ತೆ ದೀರ್ಘವಾಗಿ ನಿಟ್ಟುಸಿರಿಟ್ಟರು. "ಶಿವಕಾಂತಜೀ, ರುಚಿ ಹೇಳುವವರು ನನ್ನಲ್ಲಿ ಬೇಕಾದಷ್ಟಿದ್ದಾರೆ. ಕೀಲಿ ಇಟ್ಟುಕೊಳ್ಳುವವನು ಒಬ್ಬನೂ ಇಲ್ಲ. ಹಿಂದಿನವನು ಇಲಿಗಳೇ ಕಾರ್ಕ್ ಬಿಚ್ಚಿ ಕುಡಿದವು ಅಂದ. ಲಿಂಗ ಕಟ್ಟುವವರು ಮುಟ್ಟುವುದಿಲ್ಲ ಅಂತ ಕೇಳಿ ನಿಮ್ಮನ್ನು ಕರೆಸಿದೆ. ಒಂದು ಗ್ಲಾಸ್ ಇಟ್ಟರೆ ಬೇಡ ಅನ್ನುತ್ತೀರಿ, ಅಲ್ಲಿಗೆ ಕೆಲಸ ನಿಮ್ಮದು ಅಂದುಕೊಂಡಿದ್ದೆ."

ಶಿವಕಾಂತ ಗಡಬಡಿಸಿ ಒದ್ದೆ ಅಂಗಿಯ ಗುಂಡಿ ಬಿಚ್ಚಿ ಲಿಂಗದ ಬೆಳ್ಳಿ ಕರಡಿಗೆ ತೋರಿಸಿದ. "ನೋಡಿ ಸಾಹೇಬ್, ಇದೆ! ನಾನು ಕುಡಿಯೋದೇ ಇಲ್ಲ!"

"ಅರೆ ದೇವಾ," ಸಾಹೇಬರು ಕಿವಿ ಮುಟ್ಟಿಕೊಂಡರು. "ಕಟ್ಟಿಕೊಂಡೂ ಚಿಕ್ಕಂದಿನಿಂದ!"

ಆಮೇಲೆ ಅವರ ದೃಷ್ಟಿ ಮಹಾದೇವಪ್ಪನವರ ಹಣೆಯ ಮೇಲೆ ನಿಂತಿತು. ಏನು ಮಾಡಿಕೊಂಡಿದ್ದೀರಿ ಎಂದು, ಆಮೇಲೆ ಹಪ್ಪಳದ ವ್ಯಾಪಾರ ಹೇಗಿದೆ ಎಂದು ಕೇಳಿದರು. ಚಹಾ ಬರುವಷ್ಟರಲ್ಲಿ ಉಗ್ರಾಣದ ಕೀಲಿ ಕಾಕಾನ ಅಂಗೈಯಲ್ಲಿತ್ತು.

ಮನೆಯ ಮೆಟ್ಟಿಲಲ್ಲಿ ಪ್ರೇಮಾಬಾಯಿ ಶಿವಕಾಂತನ ಅಂಗಿಯನ್ನು ದೂರದಿಂದಲೇ ಮೂಸಿ, "ನಾ ಏನ್ ಅಂದಿದ್ದೆ?" ಎಂದಳು. ನೀಲಾಂಬಿಕಾ ಎಲ್ಲವನ್ನೂ ಕೇಳಿ, ಬಸ್ಸಿಗೆಂದು ರೊಟ್ಟಿ ಕಟ್ಟುತ್ತ, "ಮಂಚದ ಅಂಗಡಿಯಂವ ಫೋನ್ ಮಾಡಿದ್ದ. ಬ್ಯಾಡ ಅಂತ ಹೇಳ್ಲಾ?" ಎಂದಳು. ಶಿವಕಾಂತ ಚೀಲಕ್ಕೆ ಬಟ್ಟೆ ತುಂಬತೊಡಗಿದ.

ಬಸ್ ಸ್ಟ್ಯಾಂಡಿಗೆ ಬಿಡಲು ಮಹಾದೇವಪ್ಪನವರೇ ಬಂದರು. ಬಸ್ಸು ಹೊರಡುವಾಗ ಕಿಟಕಿಯೊಳಗೆ ಕೈ ಚಾಚಿ ಏಲಕ್ಕಿ ಇಟ್ಟರು.

"ಬಾಯಾಗ ಹಾಕ್ಕೋರಿ, ವಾಸನಿ ಹೋಗ್ತದ. ನಾ ದಿನಾ ರಾತ್ರಿ ಇದನ್ನೇ ಹಾಕ್ಕೊಳ್ಳೂದು. ಇಷ್ಟು ವರ್ಷ ಆತು, ನಮ್ಮ ಮನ್ಯಾಗ ಇನ್ನೂ ಯಾರಿಗೂ ಗೊತ್ತಿಲ್ಲ ನೋಡ್ರಿ."

ಬಸ್ಸು ಯೇವಲಾ ದಾಟಿದರೂ ಶಿವಕಾಂತನ ಬಾಯಲ್ಲಿ ಏಲಕ್ಕಿಯ ರುಚಿ ಇನ್ನೂ ಕೂತೇ ಇತ್ತು. ಫಿನಿಶ್ ಎಂದರೆ ಏನೆಂದು ಅವನಿಗೆ ಆಗ ಸರಿಯಾಗಿ ಅರ್ಥವಾಯಿತು.