ಆರನೆಯ ಗುಂಡಿ

ಟೈಲರ್ ಮನೆಯ ನಾಯಿ ಡುಮ್ಮನಿಗೆ ತಿನ್ನುವ ವಸ್ತು, ತಿನ್ನಬಾರದ ವಸ್ತು ಎಂಬ ಭೇದಭಾವವಿರಲಿಲ್ಲ. ಹೋದ ತಿಂಗಳು ಒಂದು ಕಾಲುಚೀಲವನ್ನು ಇಡಿಯಾಗಿ ನುಂಗಿ, ಆಪರೇಷನ್ ಮಾಡಿಸಿಕೊಂಡು, ಹೊಟ್ಟೆಗೆ ಒಂಬತ್ತು ಹೊಲಿಗೆ ಹಾಕಿಸಿಕೊಂಡು ಬಂದಿತ್ತು. (ಹೊಲಿಗೆ ಸ್ವಲ್ಪ ಸೊಟ್ಟಗಿದೆ ಎಂದು ಟೈಲರು ಅಭಿಪ್ರಾಯಪಟ್ಟಿದ್ದರು.) ಅಂದಿನಿಂದ ಅವರ ಹೆಂಡತಿ ಶಾಸನ ಹೊರಡಿಸಿದ್ದಳು: ಸೂಜಿ, ದಾರ, ಗುಂಡಿ ಎಲ್ಲವೂ ಮುಚ್ಚಳವಿರುವ ಡಬ್ಬಿಯಲ್ಲೇ ಇರಬೇಕು. ಮೇಜಿನ ಮೇಲಾಗಲಿ ನೆಲದ ಮೇಲಾಗಲಿ ಒಂದು ಚೂರೂ ಕಾಣಕೂಡದು.

ಹೀಗಿರುವಾಗ ಸ್ಟೇಷನ್ ಮಾಸ್ಟರರ ಕೋಟಿನ ತೋಳಿಗೆ ಹಾಕಬೇಕಿದ್ದ ಆರನೆಯ ಗುಂಡಿ ಮಾಯವಾಯಿತು. ಬಟಾಣಿ ಗಾತ್ರದ ಹಿತ್ತಾಳೆ ಗುಂಡಿ. ಅವರ ತಂದೆಯ ಕಾಲದ್ದು. ಗುಂಡಿ ಕಾಣದೆ ಟೈಲರಿಗೆ ಗುಂಡಿಗೆಯೇ ಬಾಯಿಗೆ ಬಂತು.

"ಇವನದೇ ಕೆಲಸ," ಎಂದು ಡುಮ್ಮನನ್ನು ಬೆಳಗಿನ ಊಟವಿಲ್ಲದೆ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಹೆಂಡತಿಯೂ ಹಿಂದೆಯೇ ಹೊರಟಳು.

ಪ್ರಾಣಿಗಳ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಹೊಟ್ಟೇಲಿ ಏನೂ ಇಲ್ಲ. ಪಾಪ, ಅನ್ನಾನೂ ಇಲ್ಲ."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ಅಲ್ಲಾರೀ, ಕೊನೇ ಸಲ ಆ ಗುಂಡಿ ಎಲ್ಲಿತ್ತು?"

"ಡಬ್ಬಿಯಿಂದ ತೆಗೆದೆ ಕಣೇ. ಸೂಜಿಗೆ ದಾರ ಪೋಣಿಸೋಕೆ ಎರಡು ಕೈಯೂ ಬೇಕಲ್ಲ. ಮೇಜಿನ ಮೇಲೆ ಇಡೋ ಹಾಗಿಲ್ಲ, ನಿನ್ನ ಕಾನೂನು."

"ಅದಕ್ಕೆ?"

"ಅದಕ್ಕೆ ಬಾಯಲ್ಲಿ..." ಟೈಲರು ಅಲ್ಲಿಗೇ ನಿಲ್ಲಿಸಿದರು.

"ಆಗ ತಾನೇ ನಾನು ಕಾಫಿ ತಂದುಕೊಟ್ಟಿದ್ದು?"

"ಹೂಂ."

"ಕುಡಿದ್ರಾ?"

"ಕುಡಿದೆ. ಸಕ್ಕರೆ ಸರಿಯಾಗಿ ಕರಗಿಲ್ಲ ಅಂದ್ಕೊಂಡೆ."

ಡಾಕ್ಟರಮ್ಮ ಕೆಮ್ಮಿ ನಗು ಅಡಗಿಸಿಕೊಂಡರು. "ಮನುಷ್ಯರ ಡಾಕ್ಟ್ರು ಎದುರುಗಡೆ ಕಟ್ಟಡದಲ್ಲಿ ಕೂರ್ತಾರೆ," ಎಂದರು.

ಎದುರುಗಡೆಯ ಎಕ್ಸ್‌ರೇಯಲ್ಲಿ ಗುಂಡಿ ಪೂರ್ಣಚಂದ್ರನಂತೆ ಬೆಳಗುತ್ತಿತ್ತು. ಭಯಪಡಬೇಕಾದ್ದಿಲ್ಲ, ಬಾಳೆಹಣ್ಣು ತಿನ್ನಿ, ಎರಡು ದಿನದಲ್ಲಿ ತಾನೇ ಬರುತ್ತದೆ, ಪ್ರತಿಸಲ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಕೊಟ್ಟರು. ನೋಡಿಕೊಳ್ಳುವ ಖಾತೆ ಯಾರದು ಎಂಬುದನ್ನು ಹೆಂಡತಿ ದಾರಿಯಲ್ಲೇ ತೀರ್ಮಾನಿಸಿಬಿಟ್ಟಳು: ನುಂಗಿದವರದೇ.

ಸಂಜೆ ಸ್ಟೇಷನ್ ಮಾಸ್ಟರರು ಬಾಗಿಲಿಗೆ ಬಂದರು. "ಕೋಟು ಆಯ್ತೇನಮ್ಮಾ?"

"ಆಗಿದೆ ಸಾರ್. ಒಂದು ಗುಂಡಿ ಮಾತ್ರ ಒಳಗಡೆ ಇದೆ, ನಾಳಿದ್ದು ಬರತ್ತೆ."

"ನಮ್ಮಪ್ಪನ ಕಾಲದ್ದಮ್ಮ ಅದು. ಜೋಪಾನವಾಗಿದೆ ತಾನೇ?"

"ತುಂಬಾ ಜೋಪಾನವಾಗಿದೆ ಸಾರ್. ನಾಯಿಗೂ ಸಿಗಲ್ಲ."

ಒಳಗೆ ಟೈಲರು ನಾಲ್ಕನೆಯ ಬಾಳೆಹಣ್ಣು ಸುಲಿಯುತ್ತಿದ್ದರು.